ಕಷ್ಟದ ದಿನಗಳಲ್ಲಿ ಕೃತಜ್ಞತೆ: ಸ್ಟೋಯಿಕರ ಕ್ರಮದಲ್ಲಿ ಅಭ್ಯಾಸ ಮಾಡುವುದು ಹೇಗೆ

ಕೆಲಸ ಹೋದವರ ಮುಂದೆಯೋ ಮನೆಯಲ್ಲಿ ಸಾವಾದವರ ಮುಂದೆಯೋ "ಆಗೋದೆಲ್ಲ ಒಳ್ಳೇದಕ್ಕೇ" ಅಂದು ನೋಡಿ. ಸಮಾಧಾನ ಹಾಗಿರಲಿ, ಕೇಳಿದವರಿಗೆ ಮೈ ಉರಿಯುತ್ತದೆ. ದಿನಕ್ಕೆ ಐದು ಒಳ್ಳೆಯ ಸಂಗತಿ ಬರೆದಿಡಿ ಎಂಬ ಸಲಹೆಯೂ ಕಷ್ಟದಲ್ಲಿರುವವರ ಕಿವಿಗೆ ಹೆಚ್ಚುಕಡಿಮೆ ಹಾಗೇ ಬೀಳುತ್ತದೆ. ಪ್ರಾಚೀನ ಗ್ರೀಸ್, ರೋಮಿನ ಒಂದು ತತ್ವಪಂಥದವರಾದ ಸ್ಟೋಯಿಕರ ಬರಹದಲ್ಲೂ ಕೃತಜ್ಞತೆಯ ಮಾತು ಬೇಕಾದಷ್ಟಿದೆ, ಆದರೆ ಅದರ ದಿಕ್ಕು ಬೇರೆ. ಅವರ ಅಭ್ಯಾಸಗಳಲ್ಲಿ ಕೃತಜ್ಞತೆ ಸಲ್ಲುವುದು ಬಂದೆರಗಿದ ಕಷ್ಟಕ್ಕಲ್ಲ. ನಮಗೆ ಕೊಟ್ಟ ಜನರಿಗೆ, ಇನ್ನೂ ಕೈಯಲ್ಲಿ ಉಳಿದದ್ದಕ್ಕೆ, ಒಂದು ಕಾಲಕ್ಕೆ ಇದ್ದು ಹೋದದ್ದಕ್ಕೆ. ಈ ದಿಕ್ಕು ತಪ್ಪಿದರೆ ಅಭ್ಯಾಸ ಕೆಡುತ್ತದೆ. ಮುಂದೆ ಬರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಅದಕ್ಕೇ ಸಂಬಂಧಪಟ್ಟವು.

ಇದನ್ನು ಬರೆದವರು ಸುಖದಲ್ಲಿ ಕೂತು ಬರೆದವರಲ್ಲ. ತತ್ವಜ್ಞಾನಿ ಸೆನೆಕಾನನ್ನು ಕ್ರಿ.ಶ. 41ರಲ್ಲಿ ರೋಮಿನಿಂದ ಕಾರ್ಸಿಕಾ ದ್ವೀಪಕ್ಕೆ ಗಡಿಪಾರು ಮಾಡಿದರು, ವಾಪಸು ಕರೆಸಿಕೊಂಡದ್ದು 49ರಲ್ಲಿ. ಎಪಿಕ್ಟೀಟಸ್ ಗುಲಾಮನಾಗಿದ್ದವನು, ಕಾಲು ಕುಂಟು. ಬಿಡುಗಡೆಯಾಗಿ ರೋಮಿನಲ್ಲಿ ಪಾಠ ಹೇಳುತ್ತಿದ್ದಾಗ ಚಕ್ರವರ್ತಿ ಡೊಮಿಷಿಯನ್ ತತ್ವಜ್ಞಾನಿಗಳನ್ನೆಲ್ಲ ಹೊರಗಟ್ಟಿದ, ಇವನು ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಶಾಲೆ ತೆರೆದ. ಮಾರ್ಕಸ್ ಔರೇಲಿಯಸ್ 161ರಿಂದ 180ರವರೆಗೆ ರೋಮಿನ ಚಕ್ರವರ್ತಿ. ಆಳ್ವಿಕೆಯ ಬಹುಭಾಗ ಗಡಿಯುದ್ಧದಲ್ಲಿ ಹೋಯಿತು, ಜೊತೆಗೆ ಸಾಮ್ರಾಜ್ಯಕ್ಕೆ ಸಾಂಕ್ರಾಮಿಕ ಹಬ್ಬಿತು. ಹತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವನು ಬದುಕಿರುವಾಗಲೇ ತೀರಿಕೊಂಡರು.

ಶುರು ಮಾಡುವ ಮೊದಲು

ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು, ಒಂದು ಪೆನ್ನು, ದಿನಕ್ಕೆ 15 ನಿಮಿಷ. ಮೊಬೈಲಿನಲ್ಲಿ ಬರೆಯಬೇಡಿ. ಕಷ್ಟದ ಕಾಲದಲ್ಲಿ ಆಸ್ಪತ್ರೆಯ ಬಿಲ್ಲು, ಬ್ಯಾಂಕಿನ ಮೆಸೇಜು, ಸಾಲ ಕೊಟ್ಟವರ ಕರೆ ಎಲ್ಲ ಬರುವುದು ಅದೇ ಪರದೆಯ ಮೇಲೆ. ಎರಡು ಸಾಲು ಬರೆಯುವುದರೊಳಗೆ ಮನಸ್ಸು ಅತ್ತ ಓಡುತ್ತದೆ. ಬರೆದದ್ದನ್ನು ಸ್ಟೇಟಸ್‌ಗೂ ಹಾಕಬೇಡಿ. ಮಾರ್ಕಸ್ ತನ್ನ ಟಿಪ್ಪಣಿಗಳನ್ನು ತನಗಾಗಿ ಬರೆದುಕೊಂಡ, ಪ್ರಕಟಣೆಗಲ್ಲ. ಅವನಿಗೆ ಅಷ್ಟು ನೇರವಾಗಿ ಬರೆಯಲು ಆದದ್ದೂ ಅದರಿಂದಲೇ. ಓದುಗರಿದ್ದಾರೆ ಎಂದು ಗೊತ್ತಾದ ತಕ್ಷಣ ಕೃತಜ್ಞತೆ ಅಲಂಕಾರ ಮಾಡಿಕೊಳ್ಳಲು ಕೂರುತ್ತದೆ.

ಇನ್ನು ಸಮಯದ ವಿಚಾರ, ಇದನ್ನೇ ಹೆಚ್ಚಿನವರು ತಪ್ಪುವುದು. ಗಡಿಪಾರಾದ ಮಗನಿಗಾಗಿ ದುಃಖಿಸುತ್ತಿದ್ದ ತಾಯಿ ಹೆಲ್ವಿಯಾಗೆ ಸೆನೆಕಾ ಕಾರ್ಸಿಕಾದಿಂದ ಸಾಂತ್ವನದ ಪತ್ರ ಬರೆದ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂಬುದನ್ನು ಆರಂಭದಲ್ಲೇ ಹೇಳುತ್ತಾನೆ: ದುಃಖ ಹೊಸತಾಗಿ ಉರಿಯುವಾಗ ತಡೆಯಲು ಹೋದರೆ ಅದು ಇನ್ನಷ್ಟು ಕೆರಳುತ್ತದೆ, ಕಾಯಿಲೆಯಲ್ಲೂ ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ಟ ಔಷಧಿಯೇ ಹೆಚ್ಚು ಕೆಡುಕು ಮಾಡುತ್ತದೆ. ಆದ್ದರಿಂದ ಸಾವು, ಕೆಟ್ಟ ರೋಗದ ಸುದ್ದಿ, ಮನೆ ಮುರಿದದ್ದು ಇಂಥವು ಆದ ಮೊದಲ ದಿನಗಳಲ್ಲಿ ಈ ನೋಟ್‌ಬುಕ್ಕು ತೆರೆಯಲೇಬೇಡಿ. ಊಟ, ನಿದ್ರೆ, ಜೊತೆಗೆ ಒಬ್ಬರು ಇರುವುದು ಆಗ ಇಷ್ಟೇ ಸಾಕು. ನಮ್ಮಲ್ಲಿ ವೈಕುಂಠ ಸಮಾರಾಧನೆಯವರೆಗೆ ಮನೆಯಲ್ಲಿ ಜನ ಇರುತ್ತಾರೆ. ಎಲ್ಲರೂ ಹೊರಟು ಮನೆ ಬರಿದಾದ ಮೇಲೆ ಶುರು ಮಾಡಿದರೂ ತಡವೇನಲ್ಲ.

ಎರಡು ವಾರಕ್ಕೂ ಹೆಚ್ಚು ದಿನ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಇದು ತತ್ವಶಾಸ್ತ್ರದ ಕೆಲಸವಲ್ಲ, ವೈದ್ಯರ ಕೆಲಸ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕಷ್ಟವನ್ನು ಎರಡು ಸಾಲಿಗೆ ಇಳಿಸಿ

ಮೊದಲ ಪುಟದಲ್ಲಿ ಬರೆಯಬೇಕಾದ್ದು ಕೃತಜ್ಞತೆಯಲ್ಲ, ಕಷ್ಟವೇ. ಆದರೆ ವಿಶೇಷಣ ಒಂದೂ ಇರಬಾರದು. ಮಾರ್ಕಸ್ ತನಗೆ ತಾನೇ ಹೇಳಿಕೊಂಡ ನಿಯಮ ಇದು: ಮೊದಲ ನೋಟಕ್ಕೆ ಕಂಡದ್ದಕ್ಕಿಂತ ಹೆಚ್ಚಿಗೆ ನಿನಗೆ ನೀನೇ ಹೇಳಿಕೊಳ್ಳಬೇಡ. ಇಂಥವನು ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿದ ಎಂಬ ಸುದ್ದಿ ಬಂತು, ಬಂದದ್ದು ಅಷ್ಟೇ, ನಿನಗೆ ಹಾನಿಯಾಯಿತು ಎಂಬ ಸುದ್ದಿಯೇನೂ ಬಂದಿಲ್ಲ. ಮಗುವಿಗೆ ಹುಷಾರಿಲ್ಲ ಎಂಬುದು ಕಾಣುತ್ತಿದೆ, ಅದು ಉಳಿಯುವುದಿಲ್ಲ ಎಂಬುದು ಕಾಣುತ್ತಿಲ್ಲ. ಮಕ್ಕಳನ್ನು ಕಳೆದುಕೊಂಡ ಅಪ್ಪನ ಮಾತು ಇದು.

"ನನ್ನ ಬದುಕು ಮುಗಿಯಿತು" ಎಂದು ಬರೆದರೆ ಅದರ ಪಕ್ಕದಲ್ಲಿ ಬೇರೇನೂ ನಿಲ್ಲುವುದಿಲ್ಲ. "ಎರಡು ತಿಂಗಳಿಂದ ಸಂಬಳ ಬಂದಿಲ್ಲ. ಕೈಯಲ್ಲಿರುವುದು ಇನ್ನೊಂದು ತಿಂಗಳ ಬಾಡಿಗೆ, ರೇಷನ್ನಿಗೆ ಆಗುತ್ತದೆ" ಎಂದು ಬರೆದರೆ ಕಷ್ಟ ಒಂದು ಚೂರೂ ಕಡಿಮೆಯಾಗದು, ಆದರೆ ಅದಕ್ಕೊಂದು ಅಂಚು ಸಿಗುತ್ತದೆ. ಕೃತಜ್ಞತೆಯ ಕೆಲಸ ಆ ಅಂಚಿನಾಚೆ ನಡೆಯುವುದರಿಂದ ಈ ಹೆಜ್ಜೆ ಬಿಡುವಂತಿಲ್ಲ. ಬಿಟ್ಟವರು ಮೂರನೇ ದಿನಕ್ಕೆ "ಬರೆಯೋಕೇನೂ ಇಲ್ಲ" ಎನ್ನುತ್ತಾರೆ.

ಕೆಳಗೆ ಒಂದು ಗೆರೆ ಎಳೆದು, ಇದರಲ್ಲಿ ನನ್ನ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಗುರುತಿಸಿ. ಎಪಿಕ್ಟೀಟಸ್‌ನ ಕೈಪಿಡಿ ಶುರುವಾಗುವುದೇ ಈ ವಿಂಗಡಣೆಯಿಂದ. ನಮ್ಮ ತೀರ್ಮಾನ, ನಮ್ಮ ಬಯಕೆ, ನಮ್ಮ ಪ್ರಯತ್ನ ನಮ್ಮದು. ದೇಹ, ಆಸ್ತಿ, ಜನರ ಅಭಿಪ್ರಾಯ, ಹುದ್ದೆ ನಮ್ಮದಲ್ಲ. ಹುಡುಕಿ ಅರ್ಜಿ ಹಾಕುವುದು ಮೊದಲನೆಯದಕ್ಕೆ ಸೇರಿತು, ಕಂಪನಿ ಕರೆಯುತ್ತದೋ ಇಲ್ಲವೋ ಎರಡನೆಯದಕ್ಕೆ. ಇದು ಮುಂದೆ ಬೇಕಾಗುತ್ತದೆ.

ಹೆಸರುಗಳ ಪಟ್ಟಿ: ಇಡೀ ಅಭ್ಯಾಸದ ಬೆನ್ನುಮೂಳೆ

ಒಂದೇ ಒಂದು ಅಭ್ಯಾಸ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಮಾರ್ಕಸ್‌ನ ಟಿಪ್ಪಣಿಗಳ ಸಂಗ್ರಹ "ಮೆಡಿಟೇಶನ್ಸ್" 12 ಭಾಗಗಳಲ್ಲಿದೆ. ಅದರ ಮೊದಲ ಭಾಗ ಪೂರ್ತಿ ಒಂದು ಕೃತಜ್ಞತಾ ಪಟ್ಟಿ, ಒಟ್ಟು 17 ಬರಹ. ಡಾನ್ಯೂಬ್ ಆಚೆಯ ಕ್ವಾಡಿ ಬುಡಕಟ್ಟಿನವರ ನಡುವೆ, ಗ್ರಾನ್ ನದಿಯ ಬಳಿ ಎಂಬ ಸ್ಥಳದ ಗುರುತು ಆ ಭಾಗದ ಕೊನೆಯಲ್ಲೋ ಮುಂದಿನದರ ಮೊದಲಲ್ಲೋ ಬರುತ್ತದೆ, ಅಂದರೆ ಯುದ್ಧದ ಬಿಡಾರ. ಪಟ್ಟಿಯಲ್ಲಿ ಅರಮನೆ, ಗೆಲುವು, ಸಂಪತ್ತು ಬಹಳ ಕಡಿಮೆ. ಇರುವುದು ಜನ, ಮತ್ತು ಒಬ್ಬೊಬ್ಬರಿಂದ ಕಲಿತ ಒಂದೊಂದು ನಡವಳಿಕೆ.

ಅವನ ಕೆಲವು ಸಾಲುಗಳ ಸಾರ ನೋಡಿ, ಎಷ್ಟು ನಿರ್ದಿಷ್ಟವಾಗಿವೆ ಎಂಬುದು ಮುಖ್ಯ. ಅಜ್ಜ ವೇರಸ್‌ನಿಂದ ಸಿಟ್ಟು ಮಾಡಿಕೊಳ್ಳದ ಗುಣ. ತಾಯಿಯಿಂದ ಶ್ರೀಮಂತರ ರೀತಿಯಿಂದ ದೂರವಾದ ಸರಳ ಬದುಕು. ವ್ಯಾಕರಣದ ಅಲೆಕ್ಸಾಂಡರ್‌ನಿಂದ, ಯಾರಾದರೂ ತಪ್ಪಾಗಿ ಮಾತಾಡಿದರೆ ಎತ್ತಿ ಆಡದೆ ತಾನು ಉತ್ತರ ಕೊಡುವಾಗ ಸರಿಯಾದ ರೂಪವನ್ನು ಬಳಸುವುದು. ಇನ್ನೊಬ್ಬ ಅಲೆಕ್ಸಾಂಡರ್‌ನಿಂದ, ಅಗತ್ಯವಿಲ್ಲದೆ "ನನಗೆ ಪುರುಸೊತ್ತಿಲ್ಲ" ಎಂದು ಹೇಳದಿರುವುದು. ಗುರು ರಸ್ಟಿಕಸ್‌ನಿಂದ, ಮುನಿಸಿಕೊಂಡವರು ವಾಪಸು ಬರಲು ಮನಸ್ಸು ಮಾಡಿದ ಕೂಡಲೇ ರಾಜಿಗೆ ಸಿದ್ಧನಿರುವುದು, ಮತ್ತು ಅವನ ಸ್ವಂತ ಸಂಗ್ರಹದಿಂದ ಎರವಲು ಸಿಕ್ಕ ಎಪಿಕ್ಟೀಟಸ್‌ನ ಪಾಠಗಳು. ಬಾಲ್ಯದಲ್ಲಿ ನೋಡಿಕೊಂಡ ಒಬ್ಬನ ಹೆಸರೇ ಇಲ್ಲ. ರಥದ ಪಂದ್ಯದಲ್ಲಿ ಹಸಿರು ತಂಡ, ನೀಲಿ ತಂಡ ಎಂದು ಪಕ್ಷ ಕಟ್ಟಿಕೊಳ್ಳದಿರುವುದನ್ನೂ ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನೂ ಅವನಿಂದ ಕಲಿತೆ ಎನ್ನುತ್ತಾನೆ. ಹೆಸರು ಮರೆತವರಿಗೂ ಪಟ್ಟಿಯಲ್ಲಿ ಜಾಗವಿದೆ ಎಂದಾಯಿತು.

ಮಾಡುವ ರೀತಿ. ಮೊದಲ ದಿನ ಮೂರೇ ಹೆಸರು, 20 ನಿಮಿಷ. ಮುಂದಿನ ಒಂದು ವಾರ ದಿನಕ್ಕೆ ಎರಡು. 17 ಆದರೆ ನಿಲ್ಲಿಸಿ, ಉದ್ದ ಮಾಡುತ್ತ ಹೋದರೆ ಫೋನ್ ಬುಕ್ ಆಗುತ್ತದೆ. ಒಂದು ಬರಹಕ್ಕೆ ಎರಡರಿಂದ ನಾಲ್ಕು ಸಾಲು, ಒಬ್ಬರಿಗೆ ಮಾತ್ರ ಒಂದು ಪೂರ್ತಿ ಪುಟ. ಮಾರ್ಕಸ್ ಆ ಪುಟವನ್ನು ದತ್ತುತಂದೆ ಆಂಟೊನೈನಸ್ ಪಯಸ್‌ಗೆ ಕೊಟ್ಟ. ಬರಹದ ರೂಪ ಯಾವಾಗಲೂ ಒಂದೇ, "ಇಂಥವರಿಂದ: ಇಂಥದ್ದು".

"ಅಮ್ಮನಿಂದ: ಎಲ್ಲವೂ" ಎಂದು ಬರೆದರೆ ಪ್ರಯೋಜನವಿಲ್ಲ. ಭಾವನೆ ಬಂದಂತಾಗುತ್ತದೆ, ನಾಳೆ ಉಪಯೋಗಿಸಲು ಏನೂ ಸಿಗುವುದಿಲ್ಲ. ಹೀಗಿರಲಿ: "ಸೋದರತ್ತೆಯಿಂದ: ಮನೆಯಲ್ಲಿ ಸಾಮಾನು ಮುಗಿದ ದಿನವೂ ಬಂದವರ ಮುಂದೆ ಮುಖ ಸಣ್ಣ ಮಾಡದಿರುವುದು." "ಹೈಸ್ಕೂಲಿನ ಗಣಿತದ ಮೇಷ್ಟ್ರಿಂದ: ಲೆಕ್ಕ ಬಿಡಿಸಲಾಗದಿದ್ದರೆ ಬೋರ್ಡಿನ ಮುಂದೆ ನಿಂತು, ನಾಳೆ ನೋಡಿಕೊಂಡು ಬರ್ತೀನಿ ಅನ್ನುವುದು." "ಮೊದಲ ಕೆಲಸದ ಸೂಪರ್‌ವೈಸರ್‌ರಿಂದ: ಬೈದದ್ದನ್ನು ಅಲ್ಲಿಗೇ ಬಿಟ್ಟು ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂರುವುದು." ಒಂದು ಕ್ರಿಯೆ ಕಣ್ಣಿಗೆ ಕಟ್ಟಬೇಕು. ಕಟ್ಟದಿದ್ದರೆ ಹೊಡೆದುಹಾಕಿ ಮತ್ತೆ ಬರೆಯಿರಿ.

ಕಷ್ಟದ ಕಾಲಕ್ಕೆ ಇದೇ ಯಾಕೆ ಮೊದಲು? ಹಿಂದಿನ ಪುಟದ ವಿಂಗಡಣೆಗೆ ಹೋಗಿ. ಸಂಬಳ, ಆರೋಗ್ಯ, ಮನೆ ನಮ್ಮ ಕೈಯಲ್ಲಿಲ್ಲದ ಕಡೆ ಸೇರಿದ್ದವು. ಜನರಿಂದ ಕಲಿತ ನಡವಳಿಕೆ ಸೇರುವುದು ಕೈಯಲ್ಲಿರುವ ಕಡೆಗೆ. ಕೆಲಸ ಹೋದಾಗ ಅದು ಹೋಗುವುದಿಲ್ಲ. ಸೋದರತ್ತೆ ಕೊಟ್ಟದ್ದನ್ನು ಯಾವ ಕಂಪನಿಯೂ ವಾಪಸು ತೆಗೆದುಕೊಳ್ಳಲಾರದು. ಆದ್ದರಿಂದ ಪಟ್ಟಿ ಮುಗಿದ ಮೇಲೆ ಪ್ರತಿದಿನ ಬೆಳಿಗ್ಗೆ ಅದರಿಂದ ಒಂದನ್ನು ಆರಿಸಿ, ಇವತ್ತಿನ ಕಷ್ಟದಲ್ಲಿ ಅದನ್ನು ಎಲ್ಲಿ ಬಳಸಬಹುದು ಎಂದು ಒಂದೇ ಸಾಲು ಬರೆಯಿರಿ: "ಬಾಡಿಗೆಗೆ ಒಂದು ವಾರ ಟೈಮ್ ಕೇಳುವಾಗ ಮೇಷ್ಟ್ರ ಹಾಗೆ ಇದ್ದದ್ದು ಇದ್ದ ಹಾಗೆ ಹೇಳುವುದು." ರಾತ್ರಿ ಆಯಿತೋ ಇಲ್ಲವೋ ಗುರುತು ಹಾಕಿ. ಬಳಕೆಗೆ ಬಾರದ ಪಟ್ಟಿ ಎರಡು ವಾರದಲ್ಲಿ ಸತ್ತುಹೋಗುತ್ತದೆ.

ಪಟ್ಟಿ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಹೆಸರು ಬರೆಯುತ್ತ ಬರೆಯುತ್ತ "ಇವರಿಗೆ ನಾನೇನೂ ಮಾಡಲಿಲ್ಲವಲ್ಲ" ಎಂಬ ತಪ್ಪಿತಸ್ಥ ಭಾವನೆ ಹತ್ತಿಕೊಳ್ಳುತ್ತದೆ. ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಡಿ, ಈ ಪಟ್ಟಿಗೆ ಬೆರೆಸಬೇಡಿ.

ಇನ್ನೊಂದು ಕಷ್ಟದ್ದು: ಒಳ್ಳೆಯದನ್ನೂ ಕೆಟ್ಟದ್ದನ್ನೂ ಮಾಡಿದವರು. ಓದಿಸಿದ ಅಣ್ಣನೇ ಆಸ್ತಿ ಭಾಗದಲ್ಲಿ ಮೋಸ ಮಾಡಿದರೆ? ಗೆಳೆಯ ಲುಸೀಲಿಯಸ್‌ಗೆ ಬರೆದ ಪತ್ರಗಳಲ್ಲಿ 81ನೆಯದರಲ್ಲಿ ಸೆನೆಕಾ ಇದನ್ನೇ ಚರ್ಚಿಸುತ್ತಾನೆ. ಉಪಕಾರವನ್ನೂ ಅಪಕಾರವನ್ನೂ ತೂಗಿ ನೋಡು, ತಕ್ಕಡಿಯಲ್ಲಿ ಉಪಕಾರದ ಕಡೆಗೆ ಸ್ವಲ್ಪ ಒಲವಿರಲಿ ಎಂಬುದು ಅವನ ನಿಲುವು. ಮಾರ್ಕಸ್ ಕೂಡ ಸುಖಲೋಲುಪನೆಂದು ಹೆಸರಾದ ದತ್ತುಸಹೋದರ ಲೂಸಿಯಸ್ ವೇರಸ್‌ಗಾಗಿ ದೇವರಿಗೆ ಧನ್ಯವಾದ ಹೇಳಿದ್ದಾನೆ, ಅವನ ಗೌರವ ಮತ್ತು ಪ್ರೀತಿ ತನಗೆ ಸಂತೋಷ ಕೊಟ್ಟಿತೆಂದು. ಆದರೆ ಗಮನಿಸಿ: 138ರಲ್ಲಿ ಮಾರ್ಕಸ್‌ನನ್ನು ದತ್ತು ತೆಗೆದುಕೊಳ್ಳಬೇಕೆಂದು ಆಂಟೊನೈನಸ್‌ಗೆ ಷರತ್ತು ಹಾಕಿ ಸಿಂಹಾಸನದ ದಾರಿ ತೆರೆದ ಚಕ್ರವರ್ತಿ ಹೇಡ್ರಿಯನ್‌ಗೆ ಈ 17ರಲ್ಲಿ ಒಂದು ಸಾಲೂ ಇಲ್ಲ. ದೊಡ್ಡದನ್ನು ಕೊಟ್ಟವರೆಲ್ಲ ಪಟ್ಟಿಗೆ ಸೇರಬೇಕೆಂಬ ನಿಯಮ ಇಲ್ಲ. ಹೊಡೆದವರ, ಹಿಂಸಿಸಿದವರ ಹೆಸರನ್ನು "ಆದರೂ ಊಟ ಹಾಕಿದರಲ್ಲ" ಎಂದು ಬಲವಂತವಾಗಿ ತುರುಕುವ ಅಗತ್ಯ ಖಂಡಿತ ಇಲ್ಲ.

ಉಳಿದದ್ದರ ಲೆಕ್ಕ

ಮೆಡಿಟೇಶನ್ಸ್‌ನ ಏಳನೇ ಭಾಗದ 27ನೇ ಟಿಪ್ಪಣಿಯಲ್ಲಿ ಒಂದು ಅಭ್ಯಾಸ ಹೀಗಿದೆ. ಇಲ್ಲದ್ದನ್ನು ಇದ್ದಂತೆ ಕನಸು ಕಾಣಬೇಡ. ಇರುವುದರಲ್ಲಿ ಒಳ್ಳೆಯದನ್ನು ಆರಿಸಿ, ಅದು ಇಲ್ಲದಿದ್ದರೆ ಎಷ್ಟು ಹಂಬಲಿಸುತ್ತಿದ್ದೆ ಎಂದು ಯೋಚಿಸು. ಎಲ್ಲರೂ ಉದ್ಧರಿಸುವುದು ಇಷ್ಟನ್ನೇ. ಅಲ್ಲೇ ಮುಂದೆ ಒಂದು ಎಚ್ಚರಿಕೆಯಿದೆ, ಅದಿಲ್ಲದೆ ಅಭ್ಯಾಸ ಅರ್ಧ: ಹಾಗೆಂದು, ನಾಳೆ ಅದು ಹೋದರೆ ಕಲಕಿಹೋಗುವಷ್ಟು ಅದನ್ನು ಹಚ್ಚಿಕೊಳ್ಳಬೇಡ.

ಒಂದು ಸಾಧಾರಣ ವಸ್ತುವನ್ನೋ ಸಾಮರ್ಥ್ಯವನ್ನೋ ಆರಿಸಿ, ನಲ್ಲಿಯಲ್ಲಿ ಬರುವ ನೀರು, ಪೆಟ್ಟಾಗದ ಎಡಗೈ, ಓದಲು ಬರುವ ಕಣ್ಣು. ಅದಿಲ್ಲದ ಒಂದು ಬೆಳಗನ್ನು ಎರಡು ನಿಮಿಷ ಕಲ್ಪಿಸಿಕೊಳ್ಳಿ, ಗಡಿಯಾರ ನೋಡಿ ನಿಲ್ಲಿಸಿ. ಕೂಡಲೇ ಎದ್ದು ಅದನ್ನು ಬಳಸಿ. ನೀರಾದರೆ ಮುಖ ತೊಳೆಯಿರಿ, ಕಣ್ಣಾದರೆ ಒಂದು ಪುಟ ಓದಿ. ಕೊನೆಗೆ "ಇದು ಇರುವಷ್ಟು ದಿನ" ಎಂದು ಹೇಳಿಕೊಳ್ಳಿ. ವಾರಕ್ಕೆ ಮೂರು ಸಲ ಸಾಕು. ದಿನಾ ಮಾಡಿದರೆ ಮಂತ್ರದ ಹಾಗೆ ಬಾಯಿಪಾಠವಾಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು, ಮೊದಲ ದಿನವೇ ಮಗುವನ್ನೋ ಐಸಿಯುನಲ್ಲಿರುವ ಅಪ್ಪನನ್ನೋ ಆರಿಸುವುದು. ಆಗ ಅದು ಕೃತಜ್ಞತೆಯಾಗದು, ರಾತ್ರಿಯಿಡೀ ಕಾಡುವ ಭಯವಾಗುತ್ತದೆ. ಎಪಿಕ್ಟೀಟಸ್ ಕೈಪಿಡಿಯಲ್ಲಿ ಇದೇ ಜಾತಿಯ ಅಭ್ಯಾಸವನ್ನು ಮಣ್ಣಿನ ಪಾತ್ರೆಯಿಂದ ಶುರು ಮಾಡುತ್ತಾನೆ, ಹೆಂಡತಿ ಮಕ್ಕಳು ಬರುವುದು ಆಮೇಲೆ. ಆತಂಕದ ಸ್ವಭಾವದವರು ಪಾತ್ರೆಯ ಮಟ್ಟದಲ್ಲೇ ಉಳಿಯಲಿ, ನಷ್ಟವಿಲ್ಲ. ಮನೆಯವರ ವಿಷಯಕ್ಕೆ ಮಾರ್ಕಸ್‌ನದೇ ಇನ್ನೊಂದು ಸುಲಭದ ದಾರಿ ಇದೆ, ಆರನೇ ಭಾಗದ 48ರಲ್ಲಿ: ಮನಸ್ಸಿಗೆ ಉಲ್ಲಾಸ ಬೇಕೆನಿಸಿದಾಗ ಜೊತೆಗಿರುವವರ ಗುಣಗಳನ್ನು ನೆನೆ, ಒಬ್ಬನ ಚುರುಕು, ಇನ್ನೊಬ್ಬನ ವಿನಯ, ಮತ್ತೊಬ್ಬನ ಔದಾರ್ಯ. ಇಲ್ಲಿ ಯಾರನ್ನೂ ಕಳೆದುಕೊಂಡಂತೆ ಕಲ್ಪಿಸಿಕೊಳ್ಳಬೇಕಿಲ್ಲ.

ಸೆನೆಕಾನ 18ನೇ ಪತ್ರದಲ್ಲಿ ಆಗಾಗ ಕೆಲವು ದಿನ ಅಗ್ಗದ ಊಟ, ಒರಟು ಬಟ್ಟೆಯಲ್ಲಿ ಕಳೆದು "ನಾನು ಹೆದರಿದ್ದು ಇದಕ್ಕೇನಾ?" ಎಂದು ಕೇಳಿಕೊಳ್ಳುವ ಅಭ್ಯಾಸವಿದೆ. ಅದು ಇದ್ದವರಿಗೆ. ಸಂಬಳ ನಿಂತವರು ಬೇರೆಯಾಗಿ ಮಾಡಬೇಕಿಲ್ಲ, ಅವರದು ಆಗಲೇ ನಡೆಯುತ್ತಿದೆ.

"ನಿನಗಿಂತ ಕಷ್ಟದಲ್ಲಿರೋರನ್ನ ನೋಡು" ಎಂಬುದು ಈ ಅಭ್ಯಾಸವಲ್ಲ. ಬೇರೆಯವರ ನೋವನ್ನು ಅಳತೆಗೋಲು ಮಾಡಿಕೊಂಡರೆ ಸಿಗುವ ನೆಮ್ಮದಿ ಸಂಜೆಯವರೆಗೂ ಬಾಳುವುದಿಲ್ಲ. ನಿಮಗಿಂತ ಚೆನ್ನಾಗಿರುವವರು ಬೀದಿಯಲ್ಲಿ ಕಂಡ ಕ್ಷಣ ಅದೇ ಕೋಲು ತಿರುಗಿ ಹೊಡೆಯುತ್ತದೆ.

ಇದ್ದು ಹೋದದ್ದು

ಸಾವಿನ ದುಃಖದಲ್ಲಿರುವವರಿಗೆ ಮೇಲಿನದಕ್ಕಿಂತ ಇದು ಒಗ್ಗುತ್ತದೆ. 98ನೇ ಪತ್ರದಲ್ಲಿ ಸೆನೆಕಾ ಹೇಳುವುದು: ಇರುವುದನ್ನು ಕಿತ್ತುಕೊಳ್ಳಬಹುದು, ಇತ್ತು ಎಂಬುದನ್ನು ಯಾರೂ ಕಿತ್ತುಕೊಳ್ಳಲಾರರು. ಸ್ನೇಹಿತನನ್ನು ಕಳೆದುಕೊಂಡ ಲುಸೀಲಿಯಸ್‌ಗೆ ಬರೆದ 63ನೇ ಪತ್ರದಲ್ಲಿ ಕಣ್ಣು ಒಣಗಿರುವುದೂ ಬೇಡ, ಹೊಳೆಯಾಗುವುದೂ ಬೇಡ ಎನ್ನುತ್ತಾನೆ. ಅದೇ ಪತ್ರದಲ್ಲಿ, ಸೆರೆನಸ್ ಎಂಬ ಗೆಳೆಯ ತೀರಿಕೊಂಡಾಗ ತಾನೇ ಮಿತಿ ಮೀರಿ ಅತ್ತದ್ದನ್ನು ಒಪ್ಪಿಕೊಳ್ಳುತ್ತಾನೆ. ಸ್ಟೋಯಿಕರೆಂದರೆ ಅಳದವರು ಎಂದುಕೊಂಡವರು ಈ ಪತ್ರ ಓದಬೇಕು.

ಮಾಡುವುದು ಹೀಗೆ. ತೀರಿಕೊಂಡವರ ಜೊತೆ ಕಳೆದ ಒಂದು ಗಂಟೆಯನ್ನು ಆರಿಸಿ. ಮದುವೆ, ಗೃಹಪ್ರವೇಶದಂಥ ದೊಡ್ಡ ದಿನ ಬೇಡ, ಫೋಟೋ ಇರುವ ದಿನಗಳು ಆಗಲೇ ಸವೆದಿರುತ್ತವೆ. ಅವರು ಅವರೆಕಾಯಿ ಸುಲಿಯುತ್ತ ಕೂತ ಒಂದು ಸಂಜೆ, ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಒಂದು ಬೆಳಿಗ್ಗೆ. ಹತ್ತು ಸಾಲು ಬರೆಯಿರಿ. ಅವರು ಏನು ಹೇಳಿದರು, ಏನು ಉಟ್ಟಿದ್ದರು, ಯಾವ ವಾಸನೆಯಿತ್ತು. ಕೊನೆಗೆ "ಇದು ನನಗೆ ಸಿಕ್ಕಿತ್ತು" ಎಂದು ಸೇರಿಸಿ. ವಾರಕ್ಕೆ ಒಂದೇ ಸಲ. ಅವರನ್ನು ಬಲ್ಲ ಇನ್ನೊಬ್ಬರಿಗೆ ಓದಿ ಹೇಳಿದರೆ ಒಳ್ಳೆಯದು, ಅವರ ಬಳಿ ನಿಮಗೆ ಗೊತ್ತಿಲ್ಲದ ಗಂಟೆಗಳಿರುತ್ತವೆ. ಬರೆಯುವಾಗ ಅಳು ಬಂದರೆ ಅಭ್ಯಾಸ ಕೆಟ್ಟಿತೆಂದಲ್ಲ. ಬರೆದ ಮೇಲೆ ಮರುದಿನ ಮಧ್ಯಾಹ್ನದವರೆಗೂ ಏಳಲಾಗದಿದ್ದರೆ ಮಾತ್ರ ಒಂದು ತಿಂಗಳು ಬಿಡಿ.

ಮಾರ್ಕಸ್ ಇದನ್ನು ಒಂದೇ ಸಾಲಿನಲ್ಲಿ ಮಾಡಿದ್ದಾನೆ. ತಾಯಿ ಬೇಗ ಸಾಯಬೇಕಾಗಿ ಬಂದರೂ ಕೊನೆಯ ವರ್ಷಗಳನ್ನು ನನ್ನ ಜೊತೆ ಕಳೆದಳಲ್ಲ, ಎಂದು. ಸಾವು ಒಳ್ಳೆಯದಾಯಿತು ಎನ್ನುವುದಿಲ್ಲ, ಸಾವನ್ನು ಮುಚ್ಚಿಡುವುದೂ ಇಲ್ಲ. ನಿಮ್ಮ ಸಾಲುಗಳಿಗೂ ಈ "ಆದರೂ" ಇರಲಿ.

ಕಷ್ಟಕ್ಕೇ ಥ್ಯಾಂಕ್ಸ್ ಹೇಳಬೇಕೇ?

ಬೇಡ. ಗೊಂದಲ ಹುಟ್ಟುವುದು ಮಾರ್ಕಸ್‌ನ ನಾಲ್ಕನೇ ಭಾಗದ 49ರಿಂದ: "ನನಗೆ ಹೀಗಾಯಿತಲ್ಲ, ನಾನು ದುರದೃಷ್ಟವಂತ" ಎನ್ನಬೇಡ, ಹೀಗಾದರೂ ಕುಗ್ಗದೆ ನಿಂತಿದ್ದೇನಲ್ಲ, ನಾನು ಅದೃಷ್ಟವಂತ ಎನ್ನು. ಮೆಚ್ಚುಗೆ ಇಲ್ಲಿ ಸಲ್ಲುವುದು ನಿಂತದ್ದಕ್ಕೆ. ಎಪಿಕ್ಟೀಟಸ್ ಇದಕ್ಕೆ ಪ್ರಶ್ನೆಯ ರೂಪ ಕೊಟ್ಟಿದ್ದಾನೆ. ಏನೇ ಬಂದರೂ, ಇದನ್ನು ಎದುರಿಸಲು ನನ್ನಲ್ಲಿ ಯಾವ ಶಕ್ತಿಯಿದೆ ಎಂದು ನಿನ್ನೊಳಗೆ ತಿರುಗಿ ನೋಡು. ನೋವಾದರೆ ಸಹನೆ, ಬೈಗುಳವಾದರೆ ತಾಳ್ಮೆ. ಪುಟವನ್ನು ಉದ್ದಕ್ಕೆ ಎರಡು ಮಾಡಿ, ಎಡಕ್ಕೆ ಆದದ್ದು, ಬಲಕ್ಕೆ ಅದರೆದುರು ನಾನು ಬಳಸಿದ್ದು. ಎಡಗಡೆ ಧನ್ಯವಾದದ ಒಂದು ಪದವೂ ಬರಬಾರದು. "ಕ್ಯಾನ್ಸರ್ ಬಂದದ್ದಕ್ಕೆ ಕೃತಜ್ಞ" ಎಂದು ಬರೆಯುವವರು ಹೆಚ್ಚಾಗಿ ಹೇಳಬೇಕೆಂದಿರುವುದು ಬಲಗಡೆಯ ಮಾತು, ಸಾಲು ಜರುಗಿರುತ್ತದೆ ಅಷ್ಟೇ.

ಸ್ಟೋಯಿಕರು ಲೋಕ ದೈವೀ ವಿವೇಕದಿಂದ ನಡೆಯುತ್ತದೆ ಎಂದು ನಂಬಿದವರು. ಕುಂಟ ಮುದುಕನಾದ ನಾನು ದೇವರನ್ನು ಹಾಡುವುದಲ್ಲದೆ ಇನ್ನೇನು ಮಾಡಲಿ ಎಂದ ಎಪಿಕ್ಟೀಟಸ್. ನಿಮಗೆ ಆ ನಂಬಿಕೆ ಇದ್ದರೆ ಸರಿ, ಇಲ್ಲದಿದ್ದರೂ ಅಡ್ಡಿಯಿಲ್ಲ. ದೈವಸಂಕಲ್ಪವೋ ಬರಿಯ ಅಣುಗಳ ಆಟವೋ, ಎರಡರಲ್ಲಿ ಯಾವುದಾದರೂ ನೀನು ಮಾಡಬೇಕಾದ್ದು ಇದ್ದೇ ಇದೆ ಎಂದು ಮಾರ್ಕಸ್ ಮತ್ತೆಮತ್ತೆ ಬರೆದುಕೊಂಡಿದ್ದಾನೆ.

ಸಹಾಯ ಪಡೆಯುವ ಕ್ರಮ

ಕಷ್ಟಕಾಲದಲ್ಲಿ ಕೃತಜ್ಞತೆ ನೋಟ್‌ಬುಕ್ಕಿನಾಚೆ ಬರುವುದು ಇಲ್ಲಿ. ಆಸ್ಪತ್ರೆಗೆ ದುಡ್ಡು ಕಟ್ಟಿದ ಭಾವ, ಮಕ್ಕಳನ್ನು ನೋಡಿಕೊಂಡ ಪಕ್ಕದ ಮನೆಯವರು. ಸೆನೆಕಾ ಉಪಕಾರಗಳ ಬಗ್ಗೆ ಏಳು ಭಾಗದ ಗ್ರಂಥವನ್ನೇ ಬರೆದಿದ್ದಾನೆ. ಅದರಲ್ಲಿ ಬಳಕೆಗೆ ಬರುವ ಮಾತು, ಉಪಕಾರವನ್ನು ಸಂತೋಷದಿಂದ ಸ್ವೀಕರಿಸಿದರೆ ಮೊದಲ ಕಂತು ತೀರಿಸಿದಂತೆ. ಮೂಲೆಯಲ್ಲಿ ಗುಟ್ಟಾಗಿ ಪಡೆದು ಎದುರಿಗೆ ಏನೂ ಆಗದವರಂತೆ ಇರುವುದನ್ನು ಅವನು ಖಂಡಿಸುತ್ತಾನೆ. ಹಾಗೇ, ಉಪಕಾರ ತೀರಿಸಲು ತೀರಾ ಅವಸರಪಡುವವನ ಮನಸ್ಸು ಕೃತಜ್ಞನದಲ್ಲ, ಸಾಲಗಾರನದು ಎನ್ನುತ್ತಾನೆ. ಸ್ವಾಭಿಮಾನಿಗಳು ಎಡವುವುದು ಇಲ್ಲೇ. ಇವತ್ತು ಊಟ ತಂದುಕೊಟ್ಟರೆ ನಾಳೆಯೇ ಡಬ್ಬಿ ತುಂಬಿ ವಾಪಸು ಕಳಿಸದಿದ್ದರೆ ಅವರಿಗೆ ನಿದ್ದೆ ಬಾರದು.

ಕೈಗಡವನ್ನು ಇದರಿಂದ ಬೇರೆ ಇಡಿ. ತೆಗೆದುಕೊಂಡ ದುಡ್ಡಿಗೆ ಮೊತ್ತ, ತಾರೀಖು, ಕೊಡುವ ಗಡುವು ಬರೆದು ಅದರಂತೆ ನಡೆಯಿರಿ. ಕೃತಜ್ಞನಾಗಿದ್ದೇನೆ ಎಂಬುದು ಕಂತು ತಪ್ಪಿಸಲು ನೆಪವಾಗಬಾರದು, ದುಡ್ಡು ವಾಪಸು ಕೊಟ್ಟೆ ಎಂಬುದು ಮರೆಯಲು ಪರವಾನಗಿಯೂ ಆಗಬಾರದು.

ಧನ್ಯವಾದದ ಮಾತು ಮೂರು ವಾಕ್ಯದಲ್ಲಿ ಮುಗಿಯಲಿ, ಏನು ಮಾಡಿದಿರಿ, ಯಾವಾಗ, ಅದರಿಂದ ಏನಾಯಿತು. "ಅತ್ತಿಗೆ, ಮಂಗಳವಾರ ರಾತ್ರಿ ನೀವು ಆಸ್ಪತ್ರೇಲಿ ಉಳಕೊಂಡ್ರಿ. ಮೂರು ದಿನದಲ್ಲಿ ನಾನು ಮಲಗಿದ್ದು ಅವತ್ತೊಂದೇ ರಾತ್ರಿ. ಬುಧವಾರ ಡಾಕ್ಟರ್ ಹೇಳಿದ್ದು ತಲೆಗೆ ಹೋಗಿದ್ದು ಅದರಿಂದಲೇ." ನಮ್ಮಲ್ಲಿ "ನಿಮ್ಮ ಋಣ ಈ ಜನ್ಮದಲ್ಲಿ ತೀರಿಸೋಕಾಗಲ್ಲ" ಎನ್ನುವುದು ವಾಡಿಕೆ. ಈ ಧಾಟಿಯ ಮಾತು ಸೆನೆಕಾಗೂ ಮೆಚ್ಚುಗೆಯಾಗಿತ್ತು, ಚಕ್ರವರ್ತಿ ಆಗಸ್ಟಸ್‌ಗೆ ಫರ್ನಿಯಸ್ ಎಂಬವನು ಹೇಳಿದ್ದನ್ನು ಹೊಗಳಿ ಬರೆದಿದ್ದಾನೆ. ಆದರೂ ಮನೆಮಂದಿಯ ನಡುವೆ ಅದು ಕೇಳುವವರಿಗೆ ಮುಜುಗರ, ಮತ್ತು ಅವರು ಮಾಡಿದ್ದೇನೆಂಬುದು ಅದರಲ್ಲಿ ಕಾಣುವುದೇ ಇಲ್ಲ. ಸಂಬಳಕ್ಕೆ ಕೆಲಸ ಮಾಡುವವರನ್ನೂ ಬಿಡಬೇಡಿ. ಗುಲಾಮನೂ ಒಡೆಯನಿಗೆ ಉಪಕಾರ ಮಾಡಬಲ್ಲ ಎಂದು ಸೆನೆಕಾ ಮೂರನೇ ಭಾಗದಲ್ಲಿ ಉದ್ದಕ್ಕೆ ವಾದಿಸಿದ್ದಾನೆ. ಹೇಳಿದ್ದಕ್ಕಿಂತ ಹೆಚ್ಚು ಮಾಡಿದ ನರ್ಸು, ವಾರ್ಡ್ ಆಯಾ, ಆಟೋದವರು ನಿಮ್ಮ ಪಟ್ಟಿಗೆ ಸೇರುತ್ತಾರೆ.

ರಾತ್ರಿಯ ಐದು ನಿಮಿಷ, ಮತ್ತು ಉಳಿದ ಚಿಲ್ಲರೆ ವಿಷಯ

ದೀಪ ಆರಿಸಿ ಹೆಂಡತಿ ಸುಮ್ಮನಾದ ಮೇಲೆ ಸೆನೆಕಾ ತನ್ನ ಇಡೀ ದಿನವನ್ನು ಪರಿಶೀಲಿಸುತ್ತಿದ್ದ. ಸೆಕ್ಸ್ಟಿಯಸ್ ಎಂಬವನಿಂದ ಕಲಿತ ಪ್ರಶ್ನೆಗಳು ಮೂರು: ಇವತ್ತು ನಿನ್ನ ಯಾವ ಕೆಟ್ಟ ಅಭ್ಯಾಸವನ್ನು ವಾಸಿ ಮಾಡಿದೆ, ಯಾವ ದೋಷವನ್ನು ತಡೆದೆ, ಯಾವುದರಲ್ಲಿ ಉತ್ತಮನಾದೆ? ಕೃತಜ್ಞತೆಯ ಪ್ರಶ್ನೆ ಅದರಲ್ಲಿಲ್ಲ, ನಾಲ್ಕನೆಯದಾಗಿ ನಾವೇ ಸೇರಿಸಿಕೊಳ್ಳಬಹುದು: ಇವತ್ತು ಯಾರಿಂದ ಏನು ಪಡೆದೆ? ಹಾಸಿಗೆಯಲ್ಲೇ ಮನಸ್ಸಿನಲ್ಲಿ ಕೇಳಿಕೊಂಡರೆ ಸಾಕು. ತನ್ನನ್ನು ತಾನೇ ಬೈದುಕೊಳ್ಳುವ ಹೊತ್ತಾಗಿ ಅದು ತಿರುಗಿದರೆ ಮೊದಲ ಮೂರು ಬಿಟ್ಟು ನಾಲ್ಕನೆಯದನ್ನು ಮಾತ್ರ ಇಟ್ಟುಕೊಳ್ಳಿ.

ದಿನ ತಪ್ಪಿದರೆ ಸಾಲ ತೀರಿಸುವಂತೆ ಎರಡರಷ್ಟು ಬರೆಯಬೇಡಿ, ಆ ದಿನದ ಪುಟದಿಂದ ಮುಂದುವರಿಯಿರಿ. ಯಾರಿಗೂ ಇದನ್ನು ಔಷಧಿಯ ಹಾಗೆ ಕುಡಿಸಬೇಡಿ. ಅಳುತ್ತಿರುವವರ ಜೊತೆ ಮಾತಿನಲ್ಲಿ ದುಃಖಿಸಲು, ಬೇಕಾದರೆ ನರಳಲೂ ಹಿಂಜರಿಯಬೇಡ ಎಂದು ಎಪಿಕ್ಟೀಟಸ್‌ನೇ ಹೇಳುತ್ತಾನೆ, ಒಳಗೆ ಕುಸಿಯದಿದ್ದರೆ ಸಾಕು ಎಂಬುದಷ್ಟೇ ಅವನ ಷರತ್ತು. ಸಂಬಳ ತಡೆಹಿಡಿದ ಮಾಲೀಕನ ವಿರುದ್ಧ ದೂರು ಕೊಡುವುದು, ಮನೆಯಲ್ಲಿನ ಹಿಂಸೆಯಿಂದ ಹೊರಬರುವುದು ಕೃತಜ್ಞತೆಗೆ ವಿರುದ್ಧವಲ್ಲ. ಅವು ಕೈಯಲ್ಲಿರುವುದರ ಕಡೆ ಸೇರಿದ ಕೆಲಸಗಳು, ನೋಟ್‌ಬುಕ್ಕು ತೆರೆಯುವ ಮೊದಲೇ ಮಾಡಬೇಕಾದವು.

ಮೂಲ ಓದಬೇಕೆಂದರೆ ಮಾರ್ಕಸ್‌ನ ಮೊದಲ ಭಾಗದಿಂದ ಶುರು ಮಾಡಿ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ಆಮೇಲೆ ಎಪಿಕ್ಟೀಟಸ್‌ನ ಕೈಪಿಡಿ, 53 ಪುಟ್ಟ ಅಧ್ಯಾಯ, ದಿನಕ್ಕೆ ಎರಡು. ಸೆನೆಕಾನ 124 ಪತ್ರಗಳಲ್ಲಿ ಸದ್ಯಕ್ಕೆ 63, 81, 98. ಉಪಕಾರಗಳ ಗ್ರಂಥ ಮಧ್ಯೆ ಮಧ್ಯೆ ಎಳೆಯುತ್ತದೆ, ಕಷ್ಟದಲ್ಲಿರುವವರಿಗೆ ಅದರ ಎರಡನೇ ಭಾಗ ಒಂದೇ ಸಾಕು.